ತೊಟ್ಟು ಬಿಡಿಸುವ ಡ್ರಮ್ಮು

ಡ್ರಮ್ಮು ನೀಲಿಯದು ಎಂದೇ ನಾನು ಬರೆಯುತ್ತಿದ್ದೆ. ಬಿಳಿಯದು ಅನ್ನುತ್ತಾಳೆ ವೈನಿ, ನನ್ನ ಅಣ್ಣನ ಹೆಂಡತಿ. ಕೆಟ್ಟ ವಾಷಿಂಗ್ ಮಷೀನಿನದು ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ. ಅದರೊಳಗೆ ಸ್ಕೂಟರಿನ ಹಳೆಯ ಟ್ಯೂಬು ಸುತ್ತಿದ ನಾಲ್ಕು ಕೋಲು ಕೂಡಿಸಿ, ಸೈಕಲ್ಲಿನ ಪೆಡಲಿಗೆ ಚೈನು ಹಾಕಿ, ಒಣದ್ರಾಕ್ಷಿಯ, ಅಂದರೆ ನಮ್ಮ ಕಡೆಯ ಮಣೂಕದ, ತೊಟ್ಟು ಬಿಡಿಸುವ ಯಂತ್ರ ಮಾಡಿದ್ದಳು. ಐನಾಪುರದ ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕೂತು ಕೈಯಿಂದಲೇ ತೊಟ್ಟು ಕಿತ್ತವಳು. ಇನ್ನು ತನ್ನದೇ ಕೆಲಸ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಅಂಥದೊಂದು ಶೆಡ್ಡಿದ್ದ ದ್ರಾಕ್ಷಿ ತೋಟದವರೊಬ್ಬರು ಪರೀಕ್ಷೆಗೆಂದು ಎರಡು ಸಣ್ಣ ಚೀಲ ಕೊಟ್ಟರು. ಇವು ಕೆಟ್ಟರೆ ಸುತ್ತಲಿನ ಯಾವ ಶೆಡ್ಡಿನವರೂ ಮೂರನೆಯ ಚೀಲ ಕೊಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ನಮ್ಮಲ್ಲಿ ಹಣ್ಣು ಒಣಹಾಕಿದ ಬಲೆ ಬಡಿದು ಒಣದ್ರಾಕ್ಷಿ ಉದುರಿಸುವುದು ಮಟಮಟ ಮಧ್ಯಾಹ್ನ. ಬಿಸಿಲಿಗೆ ತೊಟ್ಟು ಗರಿಗರಿಯಾಗಿರುತ್ತದೆ. ಅದೇ ರೂಢಿಯಲ್ಲಿ ನಾವೂ ಮಧ್ಯಾಹ್ನವೇ ಮೊದಲ ಚೀಲ ಸುರಿದೆವು. ನಾನು ತುಳಿದೆ. ಸ್ವಲ್ಪ ಹೊತ್ತಿಗೆ ಪೆಡಲು ಬಿಗಿಯಾಯಿತು. ಮುಚ್ಚಳ ತೆಗೆದರೆ, ಕಾದು ಮೆತ್ತಗಾದ ಹಣ್ಣು ಜಜ್ಜಿಹೋಗಿ, ತೊಟ್ಟಿನ ಸಮೇತ ಟ್ಯೂಬಿಗೆ ಅಂಟಿಕೊಂಡಿತ್ತು.

ಅಷ್ಟರಲ್ಲಿ ತೋಟದವರು ಬಂದರು. "ಏನವಾ ತಂಗಿ, ಮಣೂಕ ಕೊಟ್ರ ಉಪ್ಪಿನಕಾಯಿ ಹಾಕಿದೆಲ್ಲ!"

"ಇನ್ನೊಂದ ಚೀಲ ಐತ್ರಿ ಅಣ್ಣಾರ."

"ಅದಾದ್ರೂ ಉಳೀಲಿ. ನಾ ಒಯ್ತೀನಿ."

"ಮುಂಜಾನೆ ಬರ್ರಿ. ಆಗ ಬೇಕಂದ್ರ ಒಯ್ರಿ." ವೈನಿ ಚೀಲದ ಮೇಲೆ ಕೂತೇಬಿಟ್ಟಳು. ಅವರು ನಕ್ಕರೋ ಬೈದರೋ, ನನ್ನ ನೆನಪಿನಲ್ಲಿ ಎರಡೂ ಇವೆ. ಚೀಲ ಬಿಟ್ಟು ಹೋದದ್ದು ನಿಜ.

ಡ್ರಮ್ಮು ಕೆರೆದು ತೊಳೆಯುತ್ತ ವೈನಿ ಅಂದಳು: "ತಪ್ಪು ಇದರದಲ್ಲೋ, ಹೊತ್ತಿಂದು. ಬಡಿಯಾಕ ಬಿಸಲ ಬೇಕು, ತಿರಗಸಾಕ ತಂಪ ಬೇಕು."

ಉಳಿದ ಚೀಲವನ್ನು ಸಂಜೆಯೇ ಒಳಮನೆಯ ಕಲ್ಲುಹಾಸಿನ ಮೇಲೆ ತೆಳ್ಳಗೆ ಹರಡಿದಳು. ಬೆಳಗಾಗುವಷ್ಟರಲ್ಲಿ ಹಣ್ಣು ಬಿಗಿದುಕೊಂಡು ಕಾಳಿನಂತೆ ಉರುಳುತ್ತಿತ್ತು. ಈ ಸಲ ಪೆಡಲಿಗೆ ಅವಳೇ ಕೂತಳು. "ನೀ ಸರಿ. ನೀ ತುಳಿಯೂದಂದ್ರ ಎತ್ತಿನ ಓಟದ ಶರ್ಯತ್ತು." ಡ್ರಮ್ಮಿನ ತೂತುಗಳಿಂದ ತೊಟ್ಟು ಪುಡಿಪುಡಿಯಾಗಿ ಉದುರಿತು. ಹಣ್ಣು ಒಳಗೇ ಉಳಿಯಿತು.

ತೋಟದವರು ಬಂದು, ರಾತ್ರಿ ಹಣ್ಣು ಹರಡಿದ ಸಂಗತಿ ಕೇಳಿ, ಆಗಲೇ ಬಿಡಿಸಿ ಸುರಿದ ರಾಶಿಯಿಂದ ಬೊಗಸೆ ತುಂಬ ಎತ್ತಿ, ಹುಡುಕಿ ಹುಡುಕಿ ಎರಡು ತೊಟ್ಟು ಆರಿಸಿದರು. "ಇವು ಉಳದಾವ ನೋಡು."

"ಕೈಲೆ ಕಿತ್ರ ನಾಕ ಉಳೀತಿದ್ವು. ನಿಮ್ಮ ಶೆಡ್ಡಿನಾಗ ಕಿತ್ತಾಕಿ ನಾನ ಅಲ್ಲೇನ್ರಿ?"

ಅವರು ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡು, ಜಗಿಯುತ್ತಲೇ ಶೆಡ್ಡಿನ ಗಾಡಿಯವನಿಗೆ ಫೋನು ಹಚ್ಚಿದರು. "ಶೆಡ್ಡಿನಾಗ ಉಳದ ಚೀಲ ಎಲ್ಲಾ ಹೇರಲೇ. ಈಗ ಬ್ಯಾಡ, ಸಂಜಿಗೆ ಇಲ್ಲಿಗೆ ತಾ. ರಾತ್ರಿ ತಂಪಾಗಾಕ ಬಿಡಬೇಕಂತ."

ವೈನಿ ತುಳಿಯುವುದನ್ನು ನಿಲ್ಲಿಸಲಿಲ್ಲ.