ಕಣದಲ್ಲಿ ಕಾಫಿ, ಪ್ರಬಂಧದಲ್ಲಿ ಮಳೆ

"ಎಂಬತ್ತು ಪರ್ಸೆಂಟ್ ಚಾನ್ಸ್ ಐತ್ರಿ" ಎಂದು ಹೇಳಿದ ಮೂರ್ಖ ನಾನೇ. ಅಮೆರಿಕವನ್ನು ನಾನು ಕಂಡದ್ದು ಬಿಜಾಪುರದ ನಮ್ಮ ಶಾಲೆಯ ಗೋಡೆಯ ಮೇಲೆ, ಗೆದ್ದಲು ಅರ್ಧ ತಿಂದಿದ್ದ ಭೂಪಟದಲ್ಲಿ. ಆದರೂ ಮೂಡಿಗೆರೆ ಹತ್ತಿರದ ಈ ಎಸ್ಟೇಟಿಗೆ ಬಂದ ದಿನ, ಮಗಳಿಗೆ ಅಲ್ಲಿನ ದೊಡ್ಡ ಯೂನಿವರ್ಸಿಟಿಯಲ್ಲಿ ಸೀಟು ಸಿಗುತ್ತದೆಯೇ ಎಂದು ಯಜಮಾನರಾದ ಗೌಡರು ಕೇಳಿದಾಗ ಹಾಗೆ ಹೇಳಿಬಿಟ್ಟೆ. ಜೊತೆಗೆ ರೇಡಿಯೋದಲ್ಲಿ ಕೇಳಿದ್ದ ಅಮೆರಿಕನ್ನರ ದನಿಯನ್ನೂ ತೆಗೆದು ತೋರಿಸಿದೆ. ಮೂಗಿನಿಂದ ಹೊರಟ ಆ ಇಂಗ್ಲಿಷಿಗೆ ಗೌಡರು ಮಾರುಹೋದರು. ಮಗಳಿಗೆ ಪಾಠ ಹೇಳುವ ಕೆಲಸ ನನ್ನದಾಯಿತು.

ನಮ್ಮ ಬಿಜಾಪುರದವರಿಗೆ ಮೊದಲು ತಿಳಿಸಬೇಕಾದದ್ದು, ಇಲ್ಲಿ ದೂರ ಎಂಬುದೇ ಕಾಣುವುದಿಲ್ಲ. ನಮ್ಮಲ್ಲಾದರೆ ಬೇಡದ ನೆಂಟನನ್ನು ಹೊಲದಾಚೆಯಿಂದಲೇ ಗುರುತಿಸಿ ಬಾಗಿಲು ಹಾಕಿಕೊಳ್ಳಬಹುದು. ಇಲ್ಲಿ ಕಾಫಿ ಗಿಡದ ಮರೆಯಿಂದ ಥಟ್ಟನೆ ಎದುರು ನಿಂತು "ತಿಂಡಿ ಆಯ್ತಾ ಮಾರಾಯ್ರೇ" ಎನ್ನುತ್ತಾರೆ, ಎದೆ ಒಡೆದುಹೋಗುತ್ತದೆ. ಊಟವೋ, ಮೂರು ಹೊತ್ತೂ ಅಕ್ಕಿ. ರೊಟ್ಟಿ ಎಂದಾಗ ಆಸೆಯಿಂದ ಕುಳಿತೆ, ಅದೂ ಅಕ್ಕಿಯದೇ. ಜೋಳ ಸಿಗುತ್ತದೆಯೇ ಎಂದು ಅಡುಗೆಯ ಸೀತಕ್ಕನನ್ನು ಕೇಳಿದರೆ "ಕೋಳಿಗಾ?" ಎಂದರು.

ನನಗೆ ಕೊಟ್ಟದ್ದು ರೈಟರ ಮನೆಯ ಒಂದು ಕೋಣೆ. ಇಲ್ಲಿ ರೈಟರು ಎಂದರೆ ತೋಟದ ಗುಮಾಸ್ತ. ಆಳುಗಳ ಹಾಜರಿಯಿಂದ ಹಿಡಿದು ನೆಂಟರ ಮದುವೆಗೆ ಕಳಿಸುವ ಶುಭಾಶಯದವರೆಗೆ ಬರೆಯುವುದು ಅವರೇ. ಯಜಮಾನರದು ಸಹಿ ಮಾತ್ರ. ಸಂಜೆ ಅಡುಗೆಮನೆಯಲ್ಲಿ ರೈಟರ ಕೆಮ್ಮು, ಮೇಸ್ತ್ರಿಯ ಬೈಗುಳ, ಕ್ಲಬ್ಬಿನಿಂದ ಬಂದ ಗೌಡರ ಗತ್ತು ಎಲ್ಲವನ್ನೂ ಅನುಕರಿಸಿ ನಗಿಸುತ್ತಿದ್ದೆ. ಕೋಣೆಗೆ ಮರಳಿದರೆ ನನ್ನದೇ ದನಿಯಲ್ಲಿ ಮಾತಾಡಲು ಒಬ್ಬರೂ ಇರಲಿಲ್ಲ.

ಅರ್ಜಿಯ ಜೊತೆ ಬಂದ ಪುಸ್ತಿಕೆಯನ್ನು ನಾನು ಓದಿದ್ದು ಎಂಬತ್ತು ಪರ್ಸೆಂಟ್ ಎಂದು ಹೇಳಿ ಮುಗಿದ ಮೇಲೆ. ನಮ್ಮ ಕಾಲೇಜುಗಳಿಗೆ ಮಾರ್ಕ್ಸ್ ಕಾರ್ಡ್ ಸಾಕು. ಆ ಮಹಾನುಭಾವರಿಗೆ ಮಾರ್ಕ್ಸೂ ಬೇಕು, ಬೇರೆ ಪರೀಕ್ಷೆಯೂ ಬೇಕು, ಅದರ ಮೇಲೆ 'ನೀನು ಯಾರು' ಎಂಬುದಕ್ಕೊಂದು ಪ್ರಬಂಧವೂ ಬೇಕು. ಲೋಕದ ಜಾಣರೆಲ್ಲ ಬಾಗಿಲಲ್ಲಿ ಸಾಲು ನಿಂತಿರುತ್ತಾರೆ, ಹೊರದೇಶದವರಲ್ಲಿ ಒಳಗೆ ಕರೆಯುವುದು ಬೆರಳೆಣಿಕೆಯಷ್ಟು ಜನರನ್ನು. ಇಷ್ಟು ಕುಣಿಸಿ ಕೊನೆಗೆ ಬೇಡ ಎನ್ನುವವರ ಮೇಲೆ ನನಗೆ ಮೈಯೆಲ್ಲ ಉರಿಯಿತು. ನನ್ನ ಮೇಲೆಯೇ ಬರಬೇಕಾಗಿದ್ದ ಸಿಟ್ಟು ಅದು.

ಏಕೆಂದರೆ ಗೌಡರ ಮಗಳು ಸ್ಮಿತಾಗೆ ಇದು ಆಟವಾಗಿರಲಿಲ್ಲ. "ಸೀಟ್ ಸಿಗ್ಲಿಲ್ಲ ಅಂದ್ರೆ ಬೇಸಿಗೇಲಿ ಮದುವೆ ಮಾಡ್ತಾರೆ ಸರ್. ಸಕಲೇಶಪುರದ ಕಡೆ ತೋಟ ನೋಡಿಟ್ಟಿದಾರೆ" ಎಂದಿದ್ದಳು. ಗಂಡನ್ನು ಎನ್ನಲಿಲ್ಲ, ತೋಟ ಎಂದಳು.

ಡಿಸೆಂಬರ್ ಬಂತು. ಅರ್ಜಿಯ ಗಡುವು ಹತ್ತಿರವಾಯಿತು, ಕಾಫಿ ಕೊಯ್ಲೂ ಜೋರಾಯಿತು. ಗೌಡರು ನನ್ನನ್ನು ಕರೆಸಿದರು.

"ಮೇಷ್ಟ್ರೇ, ಆ ಪ್ರಬಂಧ ನೀವೇ ಬರ್ದುಬಿಡಿ. ಅವ್ಳು ಸೈನ್ ಹಾಕ್ತಾಳೆ."

"ಆಕೀನ ಬರೀಬೇಕಂತ್ರಿ."

"ನಾನೇನು ನನ್ನ ಕಾಗದ ನಾನೇ ಬರೀತೀನಾ? ಆದ್ರೂ ಅದು ನಂದೇ ಅಲ್ವಾ?"

ಎಸ್ಟೇಟಿನ ನ್ಯಾಯವೇ ಅದು. ನನಗೂ ಒಳಗೊಳಗೇ ಜಂಬ. ಊರೆಲ್ಲರ ದನಿ ತೆಗೆಯುವವನಿಗೆ ಹದಿನೇಳರ ಹುಡುಗಿ ಯಾವ ಲೆಕ್ಕ? ಬರೆದೆ. ಡಿಸೆಂಬರಿನ ಒಂದು ಮಧ್ಯಾಹ್ನ, ಕಣದ ತುಂಬ ಹರಡಿದ ಕಾಫಿ, ಥಟ್ಟನೆ ಮಳೆ. ಹುಡುಗಿ ಪುಸ್ತಕ ಬಿಸಾಡಿ ಓಡಿ ಬಂದು ಮುಖವೆತ್ತಿ ನಿಲ್ಲುತ್ತಾಳೆ. ಆಳುಗಳು, ಅಪ್ಪ ಎಲ್ಲರೂ ನೆನೆಯುತ್ತ ನಗುತ್ತಾರೆ. ಓದಿ ನನಗೇ ಕಣ್ಣು ತುಂಬಿತು.

ಸ್ಮಿತಾ ಅದನ್ನು ಕಣದ ಅಂಚಿನಲ್ಲಿ ನಿಂತು ಓದಿದಳು. ಎದುರಿಗೆ ಕಾಫಿ ಒಣಗುತ್ತಿತ್ತು.

"ಮಳೆ ಬಂದ್ರೆ ಎಲ್ರೂ ನಗ್ತಾರಾ ಸರ್?"

"ಹೂಂ. ಚಂದ ಐತಲ್ಲ?"

"ಅಪ್ಪನೂ?"

ಅಷ್ಟರಲ್ಲಿ ಗುಡ್ಡದ ಮೇಲೆ ಅಂಗೈ ಅಗಲದ ಮೋಡ ಕಂಡಿತು. ಗೌಡರು ಚಪ್ಪಲಿಯನ್ನೂ ಮೆಟ್ಟದೆ ಕಣಕ್ಕೆ ಓಡಿ ಬಂದರು. "ಟಾರ್ಪಾಲ್ ಎಳೀರೋ, ಕಾಫಿ ಹಾಳಾಗುತ್ತೆ" ಎಂದು ಕೂಗಿದ ಆ ದನಿಯನ್ನು ನನ್ನಿಂದ ಇಂದಿಗೂ ಅನುಕರಿಸಲಾಗಿಲ್ಲ, ಅದರಲ್ಲಿ ಅಷ್ಟು ಭಯವಿತ್ತು. ಆಳುಗಳು ಓಡಿದರು, ನಾನೂ ಓಡಿದೆ. ಮೋಡ ಕಂಡರೆ ಬಿಜಾಪುರದ ನಮ್ಮ ಓಣಿಗೆ ಓಣಿಯೇ ಮಳೆಯ ಆಸೆಗೆ ಹೊರಗೆ ಬಂದು ನಿಲ್ಲುತ್ತಿದ್ದುದು ಆಗ ನೆನಪಾಯಿತು. ಯಾವ ಊರನ್ನು ಬೈದು ಬಿಟ್ಟು ಬಂದಿದ್ದೆನೋ ಆ ಊರನ್ನೇ ಈ ಹುಡುಗಿಯ ಹೆಸರಲ್ಲಿ ಬರೆದಿಟ್ಟಿದ್ದೆ. ಕೈ ಟಾರ್ಪಾಲಿನ ಮೂಲೆ ಹಿಡಿದಿತ್ತು, ಕಣ್ಣು ಮಾತ್ರ ಮೋಡವನ್ನು ಬಾ ಎನ್ನುತ್ತಿತ್ತು.

ಮೋಡ ಕಳಸದ ಕಡೆಗೆ ಸರಿದು ಹೋಯಿತು. ನಾನು ಏದುಸಿರು ಬಿಡುತ್ತ ಸ್ಮಿತಾಳ ಬಳಿ ಬಂದೆ.

"ಹಂಗಾರ ಮಳೀ ತಗದಬಿಡ್ತೀನಿ, ತಾ ಇಲ್ಲಿ."

ಅವಳು ಕಾಗದವನ್ನು ಮಡಿಚಿ ನನ್ನ ಕೈಗಿಟ್ಟಳು.

"ಮಳೆ ತೆಗೆದ್ರೆ ಸಾಕಾಗಲ್ಲ ಸರ್, ಇವ್ಳು ಬಿಜಾಪುರದ ಹುಡುಗಿ. ನಿಮ್ಮ ಎಂಬತ್ತು ಪರ್ಸೆಂಟ್ ಇವ್ಳಿಗೇ ಕೊಡಿ, ನಂದು ನಾನೇ ಬರ್ಕೋತೀನಿ."