ಮಗ್ಗದ ಮನೆಯ ದನಿ

ಬೆಳಕು ಹರಿಯುವ ಮುಂಚೆ ಉಜ್ವಲಾ ನಳದ ನೀರು ಹಿಡಿಯುತ್ತಾಳೆ, ಅಂಗಳ ಗುಡಿಸುತ್ತಾಳೆ, ಅತ್ತೆಯ ಮೊಣಕಾಲಿಗೆ ಎಣ್ಣೆ ಕಾಸುತ್ತಾಳೆ, ಪಲ್ಯ ಒಲೆಯ ಮೇಲಿಟ್ಟು ರೊಟ್ಟಿ ಬಡಿಯುತ್ತಾಳೆ, ಗಂಡನ ಮಗ್ಗದ ಲಾಳಿಗಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತಿಡುತ್ತಾಳೆ. ಇಷ್ಟಾದ ಮೇಲೆ ಆಕೆ ಪತ್ರಕರ್ತೆ.

ಬನಹಟ್ಟಿಯ ಆ ಮನೆಯಲ್ಲಿ ಪಡಸಾಲೆಯ ಗೋಡೆಯಾಚೆಗೇ ಪವರ್‌ಲೂಮ್‌ಗಳು. ಹಗಲೆಲ್ಲ ಖಟಖಟ. ಉಪ್ಪು ಕೇಳುವುದಕ್ಕೂ ಕೂಗಬೇಕು. ಆಕೆಯ ತವರಾದ ರಬಕವಿಯ ಮನೆಯಲ್ಲೂ ಹೀಗೆಯೇ. ಮಾತು ಕಲಿತದ್ದೇ ಮಗ್ಗದ ಸದ್ದಿನ ಮೇಲೆ.

ಅವಳು ವರದಿ ಬರೆಯುವ ಸುದ್ದಿತಾಣದವರು ಈ ಸಲ ಉತ್ತರದ ಒಂದು ಕಾಡುಸೀಮೆಗೆ ಹೋಗಲು ಹೇಳಿದರು. ಅಲ್ಲಿ ಒಂದು ತಲೆಮಾರಿನಿಂದ ಬಂದೂಕು ಸುಮ್ಮನಾಗಿಲ್ಲ.

"ಗುಂಡು ತಿನ್ನಾಕ ಹೊಂಟೀಯೇನ ಬೇ? ಇಲ್ಲಿ ರೊಟ್ಟಿ ತಿಂದು ಬ್ಯಾಸರ ಆತೇನ?" ಎಂದಳು ಅತ್ತೆ ಶೇವಂತಿ.

"ಹೋಗ್ಲಿ ಬಿಡ ಯವ್ವಾ, ಕಟಕ ರೊಟ್ಟಿ ಮಾಡಿಟ್ಟ ಹೋಗ್ತಾಳ," ಎಂದ ಗಂಡ ಸುಭಾಷ್.

"ನೀವ ಒಂದ್ ನಾಕ ಬಡೀರಲ್ಲ," ಎಂದಳು ಉಜ್ವಲಾ.

"ನಾ ಬಡದ್ರ ಯಾರ ತಿನ್ನಬೇಕ?"

ಒಣಗಿಸಿಟ್ಟ ರೊಟ್ಟಿಯ ಅಡಕಲು ಎಷ್ಟು ಎತ್ತರವೋ ಅಷ್ಟೇ ಅವಳ ರಜೆ.

ಆ ಕಾಡಿನ ಹಳ್ಳಿಯಲ್ಲಿ ಎಲೆ ಬಿದ್ದರೂ ಕೇಳುತ್ತಿತ್ತು. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಒಲೆ ಊದುತ್ತ ಮಾತಾಡಿದಳು. ಆಕೆಯ ಹೆಸರು ಇಲ್ಲಿ ಬೇಡ. ಗಂಡನ ಹೆಣ ಹಳ್ಳದಲ್ಲಿ ಸಿಕ್ಕಿತ್ತು. ಅವನನ್ನು ಕರೆದೊಯ್ದವರಲ್ಲಿ ಒಬ್ಬನ ಮುಖ ನೋಡಿದ್ದೇನೆ ಎಂದು ಆಕೆ ಹಿಂದಿಯಲ್ಲಿ ಪಿಸುಗುಟ್ಟಿದಳು.

"ಈಗಲೂ ಗುರುತು ಹಿಡಿಯುತ್ತೀಯಾ?"

ಮಗ್ಗದ ಸದ್ದನ್ನು ಮೀರಿಸುವ ದನಿಯಲ್ಲೇ ಉಜ್ವಲಾ ಕೇಳಿಬಿಟ್ಟಿದ್ದಳು. ಬೂದಿ ಮೆತ್ತಿದ ಅಂಗೈಯೊಂದು ಅವಳ ಬಾಯಿ ಮುಚ್ಚಿತು. ಹೊರಗೆ ಮರದ ಕೆಳಗೆ ಕೂತಿದ್ದ ಇಬ್ಬರು ಗಂಡಸರು ಇತ್ತ ತಿರುಗಿದರು. ಒಬ್ಬ ಎದ್ದು ಬಾಗಿಲಿಗೆ ಬಂದ.

"ಏನನ್ನು ಗುರುತು ಹಿಡಿಯೋದು?"

"ಕಳೆದುಹೋದ ಮೇಕೆ," ಎಂದಳು ಹೆಂಗಸು.

ಅವನು ನಕ್ಕ. "ಮೇಕೆ ಸಿಗುತ್ತೆ. ಮೇಡಂ ಜೀಪು ಹೋಗಲಿ, ಆಮೇಲೆ ಹುಡುಕೋಣ." ಮತ್ತೆ ಹೋಗಿ ಮರದ ಕೆಳಗೆ ಕುಳಿತ.

ನನ್ನ ಜೊತೆ ಬಂದುಬಿಡು ಎಂದು ಉಜ್ವಲಾ ಹೆಂಗಸಿನ ಕೈ ಎಳೆದಳು. ಆಕೆ ಮೂಲೆಯತ್ತ ನೋಡಿದಳು. ಅಲ್ಲಿ ಮಲಗಿದ್ದ ಮುದುಕಿ ಆಕೆಯ ಅತ್ತೆ. ತಿನ್ನಿಸುವುದರಿಂದ ತೊಳೆಯುವವರೆಗೆ ಎಲ್ಲವೂ ಇವಳೇ.

ಜೀಪಿನವನು ಹಾರ್ನ್ ಬಾರಿಸಿದ. ಹೊತ್ತು ಮುಳುಗಿದರೆ ಆ ದಾರಿಯಲ್ಲಿ ಗಾಡಿ ಓಡಿಸುವುದಿಲ್ಲ ಎಂದು ಮೊದಲೇ ಹೇಳಿದ್ದ. ಉಜ್ವಲಾ ಹೊರಗೆ ಬಂದಳು. ಫೋನ್ ತೆಗೆದಳು, ನೆಟ್‌ವರ್ಕ್ ಇರಲಿಲ್ಲ. ಸಂಪಾದಕರನ್ನಾಗಲಿ ಸುಭಾಷನನ್ನಾಗಲಿ ಕೇಳುವಂತಿರಲಿಲ್ಲ. ಹೊರಗಿನವರ ಎದುರು ಮರದ ಕೆಳಗಿನವರು ಕೈಮಾಡಲಾರರು ಎಂದು ಅವಳ ಎಣಿಕೆ. ಅದು ತಪ್ಪಾಗಿದ್ದರೆ ಹೆಣ ಒಂದಲ್ಲ, ಎರಡು.

ಜೀಪಿನಿಂದ ಚೀಲ ಇಳಿಸಿಕೊಂಡಳು.

"ಬೆಳಗಾಗುತ್ತಲೇ ಬಾ. ಪೇಟೆಯಲ್ಲಿರುವ ವರದಿಗಾರರನ್ನೆಲ್ಲ ಕರೆದುಕೊಂಡು ಬಾ."

ಡ್ರೈವರ್ ಮರದತ್ತ ನೋಡಿದ, ಅವಳತ್ತ ನೋಡಿದ, ಗೇರು ಹಾಕಿದ. ಜೀಪು ತಿರುವಿನಲ್ಲಿ ಮರೆಯಾದ ಕೂಡಲೇ ಆ ಇಬ್ಬರೂ ಎದ್ದು ನಿಂತರು.

ಉಜ್ವಲಾ ಹೊಸ್ತಿಲ ಮೇಲೆ, ಅವರಿಗೆ ಚೆನ್ನಾಗಿ ಕಾಣುವಂತೆ, ಕುಳಿತಳು.