ಬೆಳಗಿನ ಒಂದು ರಿಂಗು

ಕಲಬುರಗಿಯ ಕಪನೂರದಲ್ಲಿ ನನ್ನದೊಂದು ಮೋಟಾರು ರಿಪೇರಿ ಅಂಗಡಿ. ಬೇಳೆ ಮಿಲ್ಲುಗಳಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಕೆಲಸ. ಗಿರಾಕಿಗಳಿಗೆಲ್ಲ ಗೊತ್ತಿದ್ದದ್ದು ರೋಜಾ ಬಡಾವಣೆಯ ಹತ್ತಿರದ ನಮ್ಮ ಮನೆಯ ಹಳೆಯ ಫೋನಿನ ನಂಬರು. ನಸುಕಿನಿಂದಲೇ ಅದು ಬಡಿದುಕೊಳ್ಳುತ್ತಿತ್ತು. “ಹಲ್ಲು ಉಜ್ಜೂದ್ರೊಳಗ ಮೋಟಾರಿನ ಸುದ್ದಿ. ನಾ ಏನ್ ನಿಮ್ಮ ಮಿಸ್ತ್ರಿ ಏನ್ರಿ?” ಎಂದು ಹೆಂಡತಿ ಸಿಡುಕುತ್ತಿದ್ದಳು. ಸಿಡುಕಿನಲ್ಲಿ ನಾನೂ ಕಡಿಮೆಯವನಲ್ಲ. ಅವಳ ಬಾಯಿ ಮುಚ್ಚಿಸಲೆಂದೇ ಇಂಟರ್ನೆಟ್ ಫೋನು ಹಾಕಿಸಿದೆ.

ನಂಬರು ಹಳೆಯದೇ. ಹಗಲು ಕರೆ ಬಂದರೆ ಮನೆಯಲ್ಲೂ ಅಂಗಡಿಯಲ್ಲೂ ಒಟ್ಟಿಗೆ ರಿಂಗಾಗುತ್ತದೆ. ಹತ್ತು ಗಂಟೆಗೆ ಅಂಗಡಿ ತೆರೆಯುವವರೆಗೆ ಮೂರು ರಿಂಗಾದ ಮೇಲೆ ಯಂತ್ರವೇ ಎತ್ತಿ, ಹೇಳಿದ ಮಾತನ್ನು ಹಿಡಿದಿಡುತ್ತದೆ. ಯಂತ್ರಕ್ಕೊಂದು ದನಿ ಬೇಕಲ್ಲ, ಹೆಂಡತಿಯನ್ನೇ ಕೂರಿಸಿ ಹೇಳಿಸಿದೆ: “ನಮಸ್ಕಾರ್ರಿ. ಏನ್ ತ್ರಾಸ ಅದ ಹೇಳ್ರಿ. ನಾವೇ ಬರ್ತೀವಿ.” ನಾಲ್ಕು ಸಲ ಹಾಕಿಸಿ ಕೇಳಿದೆ. ಬಲು ಹೆಮ್ಮೆಯಾಗಿತ್ತು.

ಗಿರಾಕಿಗಳಿಗೆಲ್ಲ ಹೊಸ ವ್ಯವಸ್ಥೆಯ ಬಗ್ಗೆ ಮೆಸೇಜು ಕಳಿಸಿದೆ. ಕಮಲಾಪುರದಲ್ಲಿ ಭಾವನ ಜೊತೆ ಇರುವ ಅಕ್ಕನಿಗೆ ಮಾತ್ರ ತಿಳಿಸಲಿಲ್ಲ. ಅವಳಿಗೆ ಓದಲು ಬಾರದು. ಗಂಟಲಿನ ಆಪರೇಷನ್ ಆದಮೇಲೆ ದನಿಯೂ ಇಲ್ಲ. ಅವಳದು ರಿಂಗಿನ ಲೆಕ್ಕ. ಬೆಳಿಗ್ಗೆ ಎಂಟಕ್ಕೆ ಒಂದು ರಿಂಗು ಕೊಟ್ಟು ಕಟ್ ಮಾಡಿದರೆ ಆರಾಮ ಇದ್ದಾಳೆ. ನಿಲ್ಲಿಸದೆ ಹೊಡೆದುಕೊಂಡರೆ ನಾವು ಕೂಡಲೇ ಹೊರಟು ಹೋಗಬೇಕು. ತನ್ನ ಪರವಾಗಿ ಇನ್ನೊಬ್ಬರು ಫೋನಿನಲ್ಲಿ ಮಾತಾಡುವುದು ಅವಳಿಗೆ ಆಗಿಬರುತ್ತಿರಲಿಲ್ಲ.

ಹೊಸ ಫೋನು ಬಂದ ಮೇಲೂ ಮೂರು ದಿನ ಎಂಟಕ್ಕೆ ಒಂದು ರಿಂಗು ಬಂತು, ನಿಂತಿತು. ಎಲ್ಲ ಸರಿಯಿದೆ ಎಂದುಕೊಂಡೆ.

ನಾಲ್ಕನೆಯ ದಿನ ಎಂಟೂಕಾಲಿಗೆ ಮೂರು ರಿಂಗಾಗಿ ನಿಂತಿತು. “ಯಾವನೋ ಗಿರಾಕಿ. ಮಷೀನ್ ನೋಡ್ಕೋತದ,” ಎಂದು ನಾನು ಚಹಾ ಕುಡಿದೆ. ಅಕ್ಕನ ಒಂದು ರಿಂಗು ಅಂದು ಬರಲಿಲ್ಲ ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಹತ್ತಕ್ಕೆ ಅಂಗಡಿ ತೆರೆದು ಯಂತ್ರ ಹಿಡಿದಿಟ್ಟದ್ದನ್ನು ಕೇಳುತ್ತ ಕೂತೆ. ಮೊದಲನೆಯದು ಮೋಟಾರಿನದು. ಎರಡನೆಯದರಲ್ಲಿ ಮಾತಿರಲಿಲ್ಲ. ಏದುಸಿರು, ಗಂಟಲಿನಲ್ಲಿ ಸಿಕ್ಕಿಕೊಂಡ ಒಂದು ಸದ್ದು. ಆಮೇಲೆ ಫೋನಿನ ಮೇಲೆ ಬೆರಳಿನಿಂದ ಬಡಿಯುವುದು, ತಕ್ ತಕ್ ತಕ್. ಅಕ್ಕ ಎಂದು ಗೊತ್ತಾಯಿತು. ಅಂಗಡಿಯನ್ನು ಹಾಗೇ ಬಿಟ್ಟು ಕಮಲಾಪುರಕ್ಕೆ ಗಾಡಿ ಓಡಿಸಿದೆ.

ಭಾವ ಕಟ್ಟೆಯ ಮೇಲೆ ಬಿದ್ದಿದ್ದರು, ಬಾಯಿ ಒಂದು ಕಡೆ ಎಳೆದಿತ್ತು. ಅಕ್ಕ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಗೆ ಬೇಕಾದ ಚೀಲ ಕಟ್ಟಿಟ್ಟು, ರಸ್ತೆ ನೋಡುತ್ತ ಕೂತಿದ್ದಳು. ಪಕ್ಕದ ಮನೆಯಲ್ಲಿ ಬಾಳೆಗೊನೆ ಸಾಗಿಸುವ ಟೆಂಪೋ ನಿಂತಿತ್ತು. ಹೋಗಿ ಆ ಮನೆಯ ಬಾಗಿಲು ತಟ್ಟಿದ್ದರೆ ಸಾಕಿತ್ತು. ತಟ್ಟಲಿಲ್ಲ ಏಕೆಂದರೆ ತಮ್ಮನ ಹೆಂಡತಿಯೇ ಫೋನು ಎತ್ತಿದ್ದಾಳೆ, ನಾವೇ ಬರ್ತೀವಿ ಎಂದಿದ್ದಾಳೆ. ಎರಡೂವರೆ ಗಂಟೆ ಅವಳು ಆ ಮಾತನ್ನು ನಂಬಿ ಕೂತಿದ್ದಳು.

ಬೇಗ ತಂದಿದ್ದರೆ ಕೈಕಾಲು ಉಳಿಯುತ್ತಿದ್ದವೇನೋ ಎಂದರು ಕಲಬುರಗಿಯ ಡಾಕ್ಟರು. ಭಾವನ ಜೀವ ಉಳಿಯಿತು, ಬಲಭಾಗ ಹೋಯಿತು. ಅವರ ಕೆಂಪು ಬಾಳೆಯ ತೋಟವನ್ನು ಈಗ ಬೇರೆಯವರು ನೋಡಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಹೆಂಡತಿ ಅಕ್ಕನ ಮುಂದೆ ಕೂತು, ಆ ದನಿ ತನ್ನದೇ ಆದರೂ ಆಗ ಮಾತಾಡಿದ್ದು ತಾನಲ್ಲ ಎಂದು ಅಳುತ್ತ ಬಿಡಿಸಿ ಹೇಳಿದಳು. ಅಕ್ಕ ಅವಳ ತಲೆ ಸವರಿದಳು. ನನ್ನ ಕಡೆ ನೋಡಲಿಲ್ಲ. ತಪ್ಪು ನನ್ನದು, ಅದನ್ನು ಹಂಚಿಕೊಳ್ಳಲು ಯಾರನ್ನೂ ಕರೆಯುವುದಿಲ್ಲ.

ಯಂತ್ರದ ದನಿಯನ್ನು ಅಂದೇ ತೆಗೆಸಿದೆ. ಮುಂಚಿನ ಹಾಗೆಯೇ ರಿಂಗು ಕೊಡು, ನಾನೇ ಎತ್ತುತ್ತೇನೆ ಎಂದು ಅಕ್ಕನಿಗೆ ಹತ್ತು ಸಲ ಹೇಳಿದೆ. ತಲೆಯಾಡಿಸಿದಳು.

ಅವರು ಊರಿಗೆ ಮರಳಿದ ಮಾರನೆಯ ದಿನ ಏಳೂವರೆಯಿಂದಲೇ ಫೋನಿನ ಪಕ್ಕ ಕೂತೆ. ಎಂಟಕ್ಕೆ ರಿಂಗಾಯಿತು. ಒಂದಕ್ಕೆ ನಿಲ್ಲಲಿಲ್ಲ. ತಟ್ಟನೆ ಎತ್ತಿಕೊಂಡರೆ ಅಕ್ಕನ ಪಕ್ಕದ ಮನೆಯ ಹೆಣ್ಣುಮಗಳು.

“ನಿಮ್ಮ ಅಕ್ಕಾರು ಫೋನ ನನ್ನ ಕೈಯಾಗ ಕೊಟ್ಟಾರ್ರಿ. ಇಬ್ರೂ ಆರಾಮ ಇದ್ದಾರ ಅಂತ ಹೇಳಾಕತ್ತೀನಿ.”

“ಅಕ್ಕ ಅಲ್ಲೇ ಇದ್ದಾಳೇನ್ರಿ?”

“ಇಲ್ಲೇ ಮಗ್ಗಲಕ್ಕ ನಿಂತಾರ. ಏನ್ ಹೇಳ್ಲಿ?”

ತಪ್ಪಾಯಿತು ಎಂದು ಹೇಳಬೇಕಿತ್ತು. ಇನ್ನೊಬ್ಬರ ಬಾಯಿಂದ ಅದನ್ನು ಹೇಳಿಸಲು ನನಗೆ ಆಗಲಿಲ್ಲ.